ಹ್ಯಾಲೋವೀನ್ ರಾತ್ರಿಗೆ ಕೊಡಗಿನ ಯಾವ ಕಥೆ?

ಅಕ್ಟೋಬರ್ 17ರ ಆಸುಪಾಸಿಗೆ ತಲಕಾವೇರಿಯ ತೀರ್ಥೋದ್ಭವ ಮುಗಿಯುತ್ತದೆ. ಅದಾದ ಮೇಲೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರು. "31ಕ್ಕೆ ಮಡಿಕೇರಿಗೆ ಬರ್ತಿದ್ದೀವಿ. ರಾತ್ರಿ ಎಲ್ಲ ಕೂತು ದೆವ್ವದ ಕಥೆ ಓದೋದು ಅಂತ ಇದೆ. ಅರಮನೆ ಕಥೆ ಓದ್ಲಾ, ಬ್ರಹ್ಮರಾಕ್ಷಸನದ್ದಾ? ನಿಜವಾಗಿ ನಡೆದಿದ್ದು ಏನಾದ್ರೂ ಇದ್ಯಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ. ನಿಮಗೆ ಹೊಂದುವುದನ್ನು ಎತ್ತಿಕೊಳ್ಳಿ.

ಮೊದಲು ಅಳತೆಗೋಲು

ಕಥೆ ಆರಿಸುವಾಗ ನಾನು ಮೊದಲು ನೋಡುವುದು ಅದಕ್ಕೆ ವಿಳಾಸ ಇದೆಯಾ ಅಂತ. "ಒಂದು ಎಸ್ಟೇಟ್, ಒಂದು ತಿರುವು, ಬಿಳಿ ಸೀರೆಯವಳು" ಅಂದರೆ ಅದು ಚಿಕ್ಕಮಗಳೂರಿನದ್ದೂ ಆಗಬಹುದು, ಊಟಿಯದ್ದೂ ಆಗಬಹುದು. ರಾತ್ರಿ ಕೇಳಿದ ಕಥೆಯ ಜಾಗಕ್ಕೆ ಬೆಳಿಗ್ಗೆ ಹೋಗಿ ನಿಲ್ಲುವಂತಿದ್ದರೆ ಅದರ ಮಜಾನೇ ಬೇರೆ. ಪುಣ್ಯಕ್ಕೆ ಕೊಡಗಿನ ಒಳ್ಳೆಯ ಕಥೆಗಳೆಲ್ಲ ಒಂದು ದೇವಸ್ಥಾನಕ್ಕೋ ಕೋಟೆಗೋ ಕೆರೆಗೋ ಅಂಟಿಕೊಂಡೇ ಇವೆ.

ಎರಡನೆಯದು ಕೇಳುವವರ ವಯಸ್ಸು. ಎಂಟು ವರ್ಷದ ಮಗುವಿಗೆ ಹೇಳಿದ ಕಥೆಯ ಬಿಲ್ಲು ಆಮೇಲೆ ಅದರ ಅಮ್ಮ ಕಟ್ಟಬೇಕು, ರಾತ್ರಿ ಎರಡು ಗಂಟೆಗೆ.

ಮೂರನೆಯದನ್ನು ನಾನು ಮುಖಭಂಗ ಮಾಡಿಕೊಂಡೇ ಕಲಿತೆ. ಕೆಲವು ವರ್ಷದ ಹಿಂದೆ ಕಕ್ಕಬ್ಬೆ ಕಡೆ ನಮ್ಮ ಭಾವನ ಹೋಮ್‌ಸ್ಟೇಯಲ್ಲಿ ಅತಿಥಿಗಳಿಗೆ ಗುಳಿಗನ ಕಥೆ ಹೇಳುತ್ತಿದ್ದೆ. ದನಿ ಇಳಿಸಿ, ಏರಿಸಿ, ಕಣ್ಣು ಅಗಲಿಸಿ, ನಾಟಕ ಎಲ್ಲ ಇತ್ತು. ಕಾಫಿ ತಂದ ಅಡುಗೆಯ ಅಕ್ಕ ಟ್ರೇ ಇಟ್ಟವರು ಒಳಗೆ ಹೋಗದೆ ಬಾಗಿಲಲ್ಲೇ ನಿಂತರು. ಆಮೇಲೆ ಪಕ್ಕಕ್ಕೆ ಕರೆದು, "ಅಣ್ಣ, ಮುಂದಿನ ತಿಂಗಳು ನಾವು ಅವನಿಗೆ ಕೋಳಿ ಕೊಡ್ಲಿಕ್ಕುಂಟು. ನೀವು ಅವನನ್ನ ದೆವ್ವ ಮಾಡಿಬಿಟ್ರಲ್ಲ" ಅಂದರು. ನನಗೆ ಮಾತೇ ಹೊರಡಲಿಲ್ಲ. ಗುಳಿಗ, ಚಾಮುಂಡಿ, ಕುಟ್ಟಿಚಾತ ಇಲ್ಲಿನವರಿಗೆ ಇವತ್ತಿಗೂ ಹರಕೆ ಒಪ್ಪಿಸಿಕೊಳ್ಳುವ ದೈವಗಳು. ಕೈಮಡದಲ್ಲಿ, ಅಂದರೆ ಹಿರಿಯರ ಪುಟ್ಟ ಗುಡಿಯಲ್ಲಿ, ನಾವು ದೀಪ ಹಚ್ಚುವ ಮನೆಯ ಕಾರಣವರೂ (ತೀರಿಹೋದ ಹಿರಿಯರು) ಹಾಗೆಯೇ. ವರ್ಷಕ್ಕೊಮ್ಮೆ ಹಿರಿಯರಿಗೆ ಮಾಂಸದಡುಗೆ, ಸಾರಾಯಿ ಎಡೆ ಇಟ್ಟು ಕೊಡುವ ಪದ್ಧತಿ ಇರುವ ಊರಿದು. ಸತ್ತವರು ಮನೆಗೆ ಬರುತ್ತಾರೆ ಅನ್ನುವುದು ನಮಗೆ ಹೆದರಿಕೆಯ ವಿಷಯವೇ ಅಲ್ಲ, ಅಡುಗೆ ಸಾಲುತ್ತದಾ ಅನ್ನುವ ಚಿಂತೆ ಮಾತ್ರ. ಆದ್ದರಿಂದ ದೈವಗಳನ್ನು ಈ ಪಟ್ಟಿಯಿಂದ ತೆಗೆದಿದ್ದೇನೆ.

2018ರ ಆಗಸ್ಟಿನ ಭೂಕುಸಿತ, 2020ರಲ್ಲಿ ತಲಕಾವೇರಿಯ ಗುಡ್ಡ ಜರಿದದ್ದು, ಇವನ್ನೂ ಕಥೆ ಮಾಡಬೇಡಿ. ಮನೆ ಕಳೆದುಕೊಂಡವರು ನಿಮಗೆ ಊಟ ಬಡಿಸುತ್ತಿರಬಹುದು.

ಕೊನೆಯದು ದುಡ್ಡು ಮತ್ತು ಹೊತ್ತು. ಕೆಲವು ಕಥೆಗೆ ಹತ್ತು ನಿಮಿಷ ಸಾಕು, ಪೈಸೆ ಖರ್ಚಿಲ್ಲ. ಕೆಲವಕ್ಕೆ ಜೀಪು ಬೇಕು, ಇಲ್ಲವೇ ದಪ್ಪ ಪುಸ್ತಕ ಬೇಕು.

ಓಂಕಾರೇಶ್ವರದ ಬ್ರಹ್ಮರಾಕ್ಷಸ

ಎಲ್ಲ ಅಳತೆಯಲ್ಲೂ ಪಾಸಾಗುವ ಕಥೆ ಒಂದೇ ಬೇಕು ಅಂದರೆ ಇದು. ಕೊಡಗನ್ನು ಆಳಿದ ಹಾಲೇರಿ ವಂಶದ ಲಿಂಗರಾಜ ತನ್ನ ಅಧಿಕಾರಕ್ಕಾಗಿ ಒಬ್ಬ ಪ್ರಾಮಾಣಿಕ ಬ್ರಾಹ್ಮಣನನ್ನು ಕೊಲ್ಲಿಸುತ್ತಾನೆ. ಸತ್ತವನು ಬ್ರಹ್ಮರಾಕ್ಷಸನಾಗಿ ರಾಜನ ಬೆನ್ನು ಹತ್ತುತ್ತಾನೆ. ರಾಜನಿಗೆ ನಿದ್ದೆ ಇಲ್ಲ, ನೆಮ್ಮದಿ ಇಲ್ಲ. ಬಲ್ಲವರನ್ನು ಕೇಳಿದಾಗ ಶಿವನ ಗುಡಿ ಕಟ್ಟಿಸು ಅಂದರು. ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ. ಅದೇ ಮಡಿಕೇರಿಯ ಓಂಕಾರೇಶ್ವರ.

ಇಷ್ಟೇ ಕಥೆ. ಆದರೆ ಬೆಳಿಗ್ಗೆ ಅಲ್ಲಿಗೆ ಹೋಗಿ ನೋಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹೊರಗಿನಿಂದ ದರ್ಗಾ ಇದ್ದ ಹಾಗೆ ಕಾಣುತ್ತದೆ. ಎದುರಿಗೆ ಕೆರೆ, ಕೆರೆಯ ನಡುವೆ ಮಂಟಪ, ನೀರಿನಲ್ಲಿ ದಪ್ಪ ದಪ್ಪ ಮೀನು. ಮಂಜು ಇಳಿದ ದಿನ ಮಂಟಪ ಕಾಣುತ್ತದೆ, ಅಲ್ಲಿಗೆ ಹೋಗುವ ದಾರಿ ಕಾಣುವುದಿಲ್ಲ. ಆಗ ಒಂದು ಮಾತು ನೆನಪಿಸಿಕೊಳ್ಳಿ. ಗುಡಿ ಮುಗಿದದ್ದು 1820ರಲ್ಲಿ. ಲಿಂಗರಾಜ ಸತ್ತದ್ದೂ 1820ರಲ್ಲೇ. ಕಥೆ ಹೇಳುವಾಗ ಈ ಎರಡು ಇಸವಿಯನ್ನು ಕೊನೆಗೆ ಇಡಿ, ಅದರ ಮೇಲೆ ಏನೂ ಹೇಳಬೇಡಿ.

ಹತ್ತು ನಿಮಿಷದ ಕಥೆ, ಊರ ನಡುವಿನ ಜಾಗ, ಬಸ್ಸಿನಲ್ಲಿ ಬಂದವರೂ ನಡೆದೇ ಹೋಗಬಹುದು. ರಕ್ತ ಗಿಕ್ತ ಇಲ್ಲದ್ದರಿಂದ ಹಿರಿಯರ ಎದುರೂ ಹೇಳಬಹುದು. ಒಂದೇ ಕೊರತೆ ಅಂದರೆ ಮೈ ನಡುಗಿಸುವ ದೃಶ್ಯ ಇದರಲ್ಲಿಲ್ಲ. ಸಿನಿಮಾ ಥರದ ಹೆದರಿಕೆ ಬೇಕು ಅನ್ನುವ ಕಾಲೇಜು ಹುಡುಗರಿಗೆ ಸಪ್ಪೆ ಅನ್ನಿಸಬಹುದು.

ಕೋಟೆಯ ಎರಡು ಆನೆ

ಮಡಿಕೇರಿ ಕೋಟೆಯ ಅಂಗಳದಲ್ಲಿ ಎರಡು ಆನೆಗಳ ಪ್ರತಿಮೆ ಇದೆ, ನಿಜವಾದ ಆನೆಯಷ್ಟೇ ದೊಡ್ಡವು. ದಿನಾ ಬೆಳಿಗ್ಗೆ ಮಾವುತ ಎರಡು ಆನೆ ತಂದು ರಾಜನಿಗೆ ಸಲಾಮು ಮಾಡಿಸಬೇಕಿತ್ತಂತೆ. ಒಂದು ದಿನ ತಡವಾಯಿತು. ರಾಜ ಸಿಟ್ಟಿನಲ್ಲಿ ಮಾವುತನನ್ನೂ ಆನೆಗಳನ್ನೂ ಕೊಲ್ಲಿಸಿದ. ಸಿಟ್ಟು ಇಳಿದ ಮೇಲೆ ಪಶ್ಚಾತ್ತಾಪವಾಗಿ ಈ ಪ್ರತಿಮೆ ಮಾಡಿಸಿದ ಅಂತ ಕಥೆ.

ನಮ್ಮ ಅಕ್ಕನ ಮಗಳಿಗೆ ಇದನ್ನು ಆ ಆನೆಯ ಕಾಲ ಬುಡದಲ್ಲೇ ನಿಂತು ಹೇಳಿದ್ದೆ. ಸೊಂಡಿಲನ್ನು ಸವರುತ್ತಾ ಕೇಳಿಸಿಕೊಂಡಳು. ಆಮೇಲೆ, "ಮಾಮ, ಮಾವುತ ನಿದ್ದೆ ಮಾಡಿದ್ದಕ್ಕೆ ಆನೆಗೆ ಯಾಕೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳಿರುವ ಗುಂಪಿಗೆ ಇದೇ ಸರಿ. ದೆವ್ವ ಇಲ್ಲ, ಆದರೆ ಮಕ್ಕಳು ಮರೆಯುವುದಿಲ್ಲ.

ನಾಲ್ಕುನಾಡು ಅರಮನೆ: ಜೀಪಿನ ಖರ್ಚಿಗೆ ಮೋಸವಿಲ್ಲ

ಹಳೆ ಮನೆ, ಕತ್ತಲೆ ಕೋಣೆ, ಕಿರ್ರೆನ್ನುವ ಮರದ ಮೆಟ್ಟಿಲು ಬೇಕು ಅನ್ನುವವರು ಕಕ್ಕಬ್ಬೆ ದಾಟಿ ಬರಬೇಕು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರಿಂದ 1794ರೊಳಗೆ ಕಟ್ಟಿಸಿದ ಅರಮನೆ ಇದು. ಅರಮನೆ ಅಂದಾಗ ಮೈಸೂರು ನೆನಪಿಸಿಕೊಳ್ಳಬೇಡಿ. ಎರಡು ಅಂತಸ್ತು, ಹೆಂಚು, ಮರದ ಕೆತ್ತನೆ, ಗೋಡೆಗೆ ಮಾಸಿದ ಚಿತ್ರ. ಒಳಗೆ ಕೈ ಚಾಚಿದರೆ ಕೈ ಕಾಣದ ಪುಟ್ಟ ಕೋಣೆಗಳು. ಶತ್ರುಗಳಿಂದ ಅಡಗಿಕೊಳ್ಳಲು ಮಾಡಿದ್ದು ಅನ್ನುತ್ತಾರೆ.

ಇಲ್ಲಿ ಹೇಳುವುದಕ್ಕೆ ನಿಜವಾದ ಕಥೆಯೇ ಇದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯ ಕಟ್ಟಿದವನು ದೊಡ್ಡವೀರರಾಜ. 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದ. ಅರಮನೆ ಎದುರಿನ ಮಂಟಪ ಆ ಮದುವೆಯದ್ದು. ಆ ರಾಣಿ ತೀರಿಕೊಂಡ ಮೇಲೆ ಅವನ ತಲೆ ಕೆಟ್ಟಿತು. ಯಾರನ್ನು ನೋಡಿದರೂ ಅನುಮಾನ. ಆವೇಶ ಬಂದಾಗ ಜನರನ್ನು ಕೊಲ್ಲಿಸುವುದು, ಆವೇಶ ಇಳಿದ ಮೇಲೆ ಅತ್ತು ಕರೆಯುವುದು. 1809ರಲ್ಲಿ ಹಾಗೆಯೇ ಸತ್ತ. ಕಾಲು ಶತಮಾನದ ನಂತರ, 1834ರಲ್ಲಿ, ಈ ವಂಶದ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಂಗ್ಲಿಷರ ಸೈನ್ಯ ಬಂದಾಗ ಓಡಿ ಬಂದು ಕೂತದ್ದೂ ಇದೇ ಅರಮನೆಯಲ್ಲಿ. ಒಂದೇ ಸೂರಿನ ಕೆಳಗೆ ಒಬ್ಬನ ಮದುವೆ, ಇನ್ನೊಬ್ಬನ ಸೋಲು.

ತೊಂದರೆ ಏನೆಂದರೆ ದೂರ. ಬಸ್ಸು ಕಡಿಮೆ, ಸ್ವಂತ ಗಾಡಿ ಇಲ್ಲದಿದ್ದರೆ ಜೀಪು ಹಿಡಿಯಬೇಕು. ರಾತ್ರಿ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಹಗಲು ನೋಡಿಕೊಂಡು ಬಂದು ರಾತ್ರಿ ಓದುವುದು ಕ್ರಮ. ಹತ್ತಿರದಲ್ಲೇ ಉಳಿಯುವವರಿಗೆ ಇದನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ಕುಶಾಲನಗರದಲ್ಲಿ ಉಳಿದವರು ಇದೊಂದಕ್ಕಾಗಿ ಅಲ್ಲಿಂದ ಬರಬೇಡಿ, ದಾರಿಯಲ್ಲೇ ದಿನ ಹೋಗುತ್ತದೆ.

ನನ್ನ ಮೆಚ್ಚಿನದು: ಗೌರಮ್ಮನ ಗಂಡ ಎಲ್ಲಿ ಹೋದ?

ದೆವ್ವ ಬೇಡ, ನಿಜವಾದ ಒಗಟು ಬೇಕು ಅಂದರೆ ಇದನ್ನು ಬಿಟ್ಟು ಬೇರೆ ನೋಡಬೇಡಿ. ಪಟ್ಟ ಕಳೆದುಕೊಂಡ ಚಿಕ್ಕವೀರರಾಜನನ್ನು ಇಂಗ್ಲಿಷರು ಕಾಶಿಯಲ್ಲಿ ಇರಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಹುಡುಗಿಗೆ ಹನ್ನೊಂದರ ಆಸುಪಾಸು. ಅವಳನ್ನು ಕ್ರೈಸ್ತಳನ್ನಾಗಿ ಮಾಡಿದಾಗ ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ತನ್ನ ಹಣಕ್ಕಾಗಿ ಕೇಸು ಹಾಕಿ, ಅದು ಮುಗಿಯುವ ಮೊದಲೇ 1859ರಲ್ಲಿ ಅಲ್ಲೇ ಸತ್ತ. ಅವನನ್ನು ಹೂಳಿದ್ದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜ, ಲಿಂಗರಾಜರ ಸಮಾಧಿಗಳು ಇವೆ. ಇವನಿಗೆ ಅಲ್ಲಿ ಜಾಗ ಸಿಗಲಿಲ್ಲ.

ಗೌರಮ್ಮನಿಗೆ 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಸೈನ್ಯಾಧಿಕಾರಿಯ ಜೊತೆ ಮದುವೆಯಾಯಿತು. ಅವನು ಅವಳಿಗಿಂತ ಬಹಳ ದೊಡ್ಡವನು, ವಯಸ್ಸಿನಲ್ಲಿ ಅಪ್ಪನ ಹಾಗೆ. ಮರುವರ್ಷ ಒಂದು ಹೆಣ್ಣುಮಗು. 1864ರಲ್ಲಿ, 23 ತುಂಬುವ ಮೊದಲೇ, ಅವಳು ಕಾಯಿಲೆಯಿಂದ ತೀರಿಹೋದಳು.

ಒಗಟು ಶುರುವಾಗುವುದು ಇಲ್ಲಿಂದ. 1867ರ ಆಗಸ್ಟಿನಲ್ಲಿ ಒಂದು ದಿನ ಕ್ಯಾಂಪ್‌ಬೆಲ್ ಲಂಡನ್ನಿನ ತನ್ನ ಕೋಣೆಯಿಂದ ಚಿಕ್ಕದೊಂದು ಬ್ಯಾಗ್ ಹಿಡಿದು ಹೊರಟ. ಮತ್ತೆ ಯಾರೂ ಅವನನ್ನು ನೋಡಲಿಲ್ಲ. ಹೆಣ ಸಿಗಲಿಲ್ಲ, ಕಾಗದ ಬರಲಿಲ್ಲ. ಗೌರಮ್ಮನ ಒಡವೆಗಳೂ ಅವನ ಜೊತೆ ಹೋದವು ಅಂತ ಮಾತು. ಒಡವೆಗಾಗಿ ಯಾರೋ ಕೊಂದರಾ? ಸಾಲಕ್ಕೆ ಹೆದರಿ ಹೆಸರು ಬದಲಿಸಿಕೊಂಡು ಓಡಿದನಾ? ಕೊಡಗಿನ ಅರಮನೆಯ ಬಂಗಾರ ಇಂಗ್ಲೆಂಡಿನ ಯಾವುದೋ ಗಿರವಿ ಅಂಗಡಿಯಲ್ಲಿ ಕರಗಿತಾ? ಆರು ವರ್ಷದ ಮಗುವಿಗೆ ಅಪ್ಪ ಎಲ್ಲಿ ಅಂತ ಏನು ಹೇಳಿರಬಹುದು?

ದೊಡ್ಡವರ ಗುಂಪಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕಥೆ ಮುಗಿಸಿದ ಮೇಲೆ ಎರಡು ಗಂಟೆ ವಾದ ನಡೆಯುತ್ತದೆ, ಇಸ್ಪೀಟು ಬೇಕಾಗುವುದಿಲ್ಲ. ಆದರೆ ವಿಳಾಸದ ಅಳತೆಯಲ್ಲಿ ಇದಕ್ಕೆ ಅರ್ಧ ಅಂಕ. ಕಥೆ ಶುರುವಾಗುವುದು ಇಲ್ಲಿ, ಮುಗಿಯುವುದು ಸಮುದ್ರದ ಆಚೆ. ಸಂಜೆ ಗದ್ದಿಗೆಗೆ ಹೋಗಿ ಬಂದು ರಾತ್ರಿ ಹೇಳಿದರೆ ಸ್ವಲ್ಪ ಸರಿದೂಗುತ್ತದೆ.

ಹೊನ್ನಮ್ಮನ ಕೆರೆ, ಮೋರಿಬೆಟ್ಟ

ಸೋಮವಾರಪೇಟೆ ಕಡೆ ಉಳಿಯುವವರಿಗೆ ದೊಡ್ಡಮಳ್ತೆ ಹತ್ತಿರ. ಕೆರೆ ತೋಡಿದರೂ ನೀರು ಬರಲಿಲ್ಲ, ಹೊನ್ನಮ್ಮ ತನ್ನನ್ನೇ ಬಲಿ ಕೊಟ್ಟುಕೊಂಡಳು, ಕೆರೆ ತುಂಬಿತು. 'ಕೆರೆಗೆ ಹಾರ' ಬಾಯಿಪಾಠ ಮಾಡಿದ ನಮಗೆ ಇದು ಗೊತ್ತಿರುವ ದಾರಿಯೇ. ಆದರೂ ಗೌರಿ ಹಬ್ಬದ ದಿನ ಹೊಸದಾಗಿ ಮದುವೆಯಾದವರು ಬಂದು ಆ ನೀರಿಗೆ ಬಾಗಿನ ಬಿಡುವುದನ್ನು ಒಮ್ಮೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಕೆರೆಗೆ ಹೋದ ಸೊಸೆಗೆ ಇವತ್ತಿನ ಸೊಸೆಯಂದಿರು ಬಳೆ, ಅರಿಸಿನ, ಕುಂಕುಮ ಕೊಡುತ್ತಾರೆ. ಹೆಣ್ಣುಮಕ್ಕಳೇ ಇರುವ ಗುಂಪಿಗೆ ಇದನ್ನು ಓದಿ ನೋಡಿ. ಆದರೆ ಮೇಲೆ ಹೇಳಿದ ಮೂರನೇ ಅಳತೆ ನೆನಪಿರಲಿ. ಹೊನ್ನಮ್ಮನಿಗೆ ಪೂಜೆ ನಡೆಯುತ್ತದೆ, ಅವಳನ್ನು ಮೋಹಿನಿ ಮಾಡಬೇಡಿ.

ಅದೇ ಕಡೆ ಮೋರಿಬೆಟ್ಟದಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಮಾಡಿದ ಗೂಡುಗಳಿವೆ. ಕೆಲವದರ ಒಂದು ಚಪ್ಪಡಿಯಲ್ಲಿ ದುಂಡಗಿನ ತೂತು. ಗಿಡ್ಡ ಜನರ ಮನೆ ಅಂತಲೋ ಪಾಂಡವರ ಮನೆ ಅಂತಲೋ ಹಳ್ಳಿಯವರು ಹೇಳುತ್ತಾರೆ. ನಿಜಕ್ಕೆ ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳು. ಮನೆ ಅಂದುಕೊಂಡು ಬಗ್ಗಿ ಇಣುಕಿದವರಿಗೆ ಆಮೇಲೆ ಅದು ಸಮಾಧಿ ಅಂತ ಹೇಳಿ, ಮುಖ ನೋಡಿ.

ನರಿ ಮಂಗಲ

ಚಿಕ್ಕದು, ಆದರೆ ಬಿಡಬಾರದು. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹುಲಿ ಕೊಂದವನಿಗೆ ಹಿಂದೆ ಆ ಹುಲಿಯ ಜೊತೆ ಮದುವೆ ಮಾಡುತ್ತಿದ್ದರು. ಸತ್ತ ಹುಲಿಯನ್ನು ಕಟ್ಟಿ ನಿಲ್ಲಿಸಿ, ಪಕ್ಕದಲ್ಲಿ ಬೇಟೆಗಾರನನ್ನು ಮದುಮಗನ ಹಾಗೆ ಕೂರಿಸಿ, ಊರವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದರು. ಹುಲಿಯ ಆತ್ಮಕ್ಕೆ ಇವನು ಗಂಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಕೊಲ್ಲುವುದೇ ಅಪರಾಧ, ಹಾಗಾಗಿ ಈ ಮದುವೆಯೂ ಇಲ್ಲ. ಇದು ದೆವ್ವದ ಕಥೆಯಲ್ಲ ನಿಜ. ಆದರೆ ದೀಪ ಸಣ್ಣ ಮಾಡಿ ಆ ಮದುಮಗನಿಗೆ ರಾತ್ರಿ ಏನು ಕನಸು ಬಿದ್ದಿರಬಹುದು ಅಂತ ಕೇಳಿ ನೋಡಿ.

ಕೊಳ್ಳಿದೆವ್ವ ಮತ್ತು ರಾತ್ರಿಯ ಸದ್ದು

ನಂಬದೇ ಇರುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇದು. ಗದ್ದೆಯ ಆಚೆ ಹೊತ್ತಿ ಆರುವ ಬೆಳಕನ್ನು ಹಿಂದಿನವರು ಕೊಳ್ಳಿದೆವ್ವ ಅನ್ನುತ್ತಿದ್ದರು. ಜೌಗು ನೆಲದಲ್ಲಿ ಕೊಳೆತದ್ದರಿಂದ ಏಳುವ ಅನಿಲ ಹೊತ್ತಿಕೊಳ್ಳುತ್ತದೆ ಅನ್ನುವುದು ಒಂದು ವಿವರಣೆ. ರಾತ್ರಿ ದೊಂದಿ ಹಿಡಿದು ಏಡಿ ಹುಡುಕುವವನ ಬೆಳಕು ಅನ್ನುವುದು ನನ್ನದು.

ಅಟ್ಟದ ಮೇಲೆ ಯಾರೋ ನಡೆದ ಹಾಗಾದರೆ ಅದು ಬಹುಪಾಲು ಕಬ್ಬೆಕ್ಕು. ಕಾಫಿ ಹಣ್ಣಾಗುವ ಹೊತ್ತಿಗೆ ಅದರ ಓಡಾಟ ಜಾಸ್ತಿ. ಮರದ ಮೇಲೆ ಟಾರ್ಚ್ ಬಿಟ್ಟಾಗ ಎರಡು ಕೆಂಪು ಕಣ್ಣು ಹೊಳೆದರೆ ಕಾಡುಪಾಪ. ಕಾಡಿನಿಂದ ಹೆಂಗಸು ಚೀರಿದ ಹಾಗೆ ಕೇಳಿದರೆ ದೊಡ್ಡ ಜಾತಿಯ ಕಾಡುಗೂಬೆ ಇರಬಹುದು. ಶ್ರೀಲಂಕಾದಲ್ಲಿ ಇದೇ ಕೂಗಿಗೆ ದೆವ್ವದ ಹಕ್ಕಿ ಅಂತ ಹೆಸರಿದೆ. ಈ ಕಥೆಗೆ ಖರ್ಚಿಲ್ಲ, ಪುಸ್ತಕ ಬೇಡ. ವರಾಂಡದಲ್ಲಿ ಲೈಟ್ ಆರಿಸಿ ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಸಾಕು. ಆದರೆ ವರಾಂಡ ಇಳಿಯಬೇಡಿ. ತೋಟದಲ್ಲಿ ಆನೆ ಇರುತ್ತದೆ, ಅದು ಕಥೆಯಲ್ಲ.

ಸಂಪಾಜೆ ಘಾಟಿ, ಮಾಕುಟ್ಟ ರಸ್ತೆಯ ಬಿಳಿ ಸೀರೆಯ ಬಗ್ಗೆ ಕೇಳುವವರಿಗೆ ನನ್ನ ಹತ್ತಿರ ಏನೂ ಇಲ್ಲ. ಆ ತಿರುವುಗಳಲ್ಲಿ ರಾತ್ರಿ ಓಡಿಸುವಾಗ ಎದುರಿನ ಲಾರಿಯ ಹೈಬೀಮೇ ಸಾಕಷ್ಟು ಹೆದರಿಸುತ್ತದೆ.

ಓದುವುದಕ್ಕೆ ಏನು ತರಬೇಕು

ಬರಿ ಕೇಳುವುದಲ್ಲ, ಓದಬೇಕು ಅನ್ನುವವರಿಗೆ ಮೂರು ದಾರಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿ ಸುಲಭವಾಗಿ ಸಿಗುತ್ತದೆ, 1983ರ ಜ್ಞಾನಪೀಠ ಬಂದದ್ದು ಅದಕ್ಕೆ. ಆದರೆ ಒಂದು ರಾತ್ರಿಗೆ ಮುಗಿಯುವ ಪುಸ್ತಕವಲ್ಲ. ತಿಂಗಳ ಮೊದಲೇ ಶುರು ಮಾಡಿ, 31ಕ್ಕೆ ಕೊನೆಯ ಭಾಗ ಇಟ್ಟುಕೊಳ್ಳಿ.

ದುಡ್ಡು ಖರ್ಚು ಮಾಡಬಾರದು, ಇಂಗ್ಲಿಷ್ ಓದಲು ಬೇಸರವಿಲ್ಲ ಅನ್ನುವವರಿಗೆ ಮೋಗ್ಲಿಂಗ್ 1855ರಲ್ಲಿ ಬರೆದ 'ಕೂರ್ಗ್ ಮೆಮೊಯಿರ್ಸ್' ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಅದೇ ಪಾದ್ರಿ. ಹಳೆಯದಾದ್ದರಿಂದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ದೊಡ್ಡವೀರರಾಜನ ಕೊನೆಯ ದಿನಗಳ ವಿವರ ಅದರಲ್ಲಿದೆ. ಬರೆದವನು ಮಿಷನರಿ ಅನ್ನುವುದನ್ನು ಮರೆಯದೆ ಓದಿ, ರಾಜರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ.

ಮೂರನೆಯದು ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ', 1924ರದ್ದು. ಕೊಡವರ ಹಾಡು, ಪದ್ಧತಿ ಎಲ್ಲ ಅದರಲ್ಲಿ. ಲಿಪಿ ಕನ್ನಡದ್ದು, ಹಾಡುಗಳು ಕೊಡವ ತಕ್ಕ್‌ನವು. ಪಕ್ಕದಲ್ಲಿ ಒಬ್ಬ ಕೊಡವ ಅಜ್ಜ ಇದ್ದರೆ ಮಾತ್ರ ತೆಗೆಯಿರಿ. ಅಜ್ಜ ಇದ್ದರೆ ಬೇರೆ ಯಾವ ಪುಸ್ತಕವೂ ಬೇಕಾಗಿಲ್ಲ.

ಹಾಗಾದರೆ ಯಾವುದು?

ಮಡಿಕೇರಿಯಲ್ಲಿ ಒಂದೇ ರಾತ್ರಿ ಉಳಿದು ಬಸ್ಸಿನಲ್ಲಿ ವಾಪಸ್ ಹೋಗುವವರು ಓಂಕಾರೇಶ್ವರ ಹಿಡಿಯಿರಿ. ಗಾಡಿ ಇದೆ, ಎರಡು ದಿನ ಇದೆ ಅಂದರೆ ನಾಲ್ಕುನಾಡು. ಗಂಡ ಹೆಂಡತಿ ಇಬ್ಬರೇ ಬಂದಿದ್ದರೆ, ಮಳೆ ಬರುತ್ತಿದ್ದರೆ, ಗೌರಮ್ಮ. ಎಲ್ಲಿಗೂ ಹೋಗದೆ ಬೆಂಗಳೂರಿನ ಫ್ಲಾಟಿನಲ್ಲೇ ಕೂತು ಓದುವವರಿಗೂ ಗೌರಮ್ಮನೇ, ಆ ಕಥೆಗೆ ಜಾಗ ಅಷ್ಟು ಮುಖ್ಯವಲ್ಲ. ಎಲ್ಲ ವಯಸ್ಸಿನವರೂ ಸೇರಿದ್ದರೆ ಆನೆಯಿಂದ ಶುರು ಮಾಡಿ, ಮಕ್ಕಳು ಮಲಗಿದ ಮೇಲೆ ದೊಡ್ಡವೀರರಾಜನ ಹುಚ್ಚಿಗೆ ಬನ್ನಿ.

ನಮ್ಮ ಮನೆಯಲ್ಲಿ ಈ ವರ್ಷವೂ ಆನೆಯದ್ದೇ ಕಥೆ. ಅಕ್ಕನ ಮಗಳು ಈಗಲೇ ಫೋನ್ ಮಾಡಿ ಹೇಳಿದ್ದಾಳೆ. ಒಂದು ಷರತ್ತು ಹಾಕಿದ್ದಾಳೆ: ಈ ಸಲ ಮಾವುತ ಅಲಾರಂ ಇಟ್ಟುಕೊಂಡಿರಬೇಕಂತೆ.